ಕೂಲಿಯೂ ಬೇಕು, ಕೆರೆಯೂ ಬೇಕು

ಬೊಮ್ಮಸಂದ್ರದಲ್ಲಿ ಪಾಳಿ ಬಿಡುವ ಹೊತ್ತಿಗೆ ಟೀ ಅಂಗಡಿಯ ಮುಂದೆ ನಿಂತು ಕೆರೆಯ ಮಾತು ಎತ್ತಿದರೆ ನಮಗೆ ಬರುವ ಉತ್ತರ ಒಂದೇ. "ಮೇಷ್ಟ್ರೇ, ನೀವು ಹೇಳೋದು ಸರಿ. ಆದ್ರೆ ಕಂಪನಿ ಮುಚ್ಚಿಸಿಬಿಟ್ರೆ ನಮ್ಮ ಗತಿ ಏನು?" ಅಂಗಡಿಯವರೂ ಟೀ ಸೋಸುತ್ತಲೇ ತಲೆಯಾಡಿಸುತ್ತಾರೆ. ಅವರ ಉದ್ರಿ ಪುಸ್ತಕದಲ್ಲಿರುವ ಹೆಸರುಗಳೆಲ್ಲ ಆ ಗೇಟಿನೊಳಗಿಂದ ಬರುವವರದೇ.

ಹೀಗೆ ಕೇಳುವವರನ್ನು ಹೇಡಿಗಳೆಂದು ಹಳಿಯುವುದು ಸುಲಭ. ನಾವು ಹಳಿಯುವುದಿಲ್ಲ. ಪ್ರಶ್ನೆ ನ್ಯಾಯವಾದದ್ದು. ಸಂಬಳ ಬಂದ ದಿನವೇ ಕೋಣೆಯ ಬಾಡಿಗೆ, ಅಂಗಡಿಯ ಬಾಕಿ, ಊರಿನಲ್ಲಿರುವ ತಂದೆ ತಾಯಿಗೆ ಒಂದಿಷ್ಟು ಎಂದು ಹಂಚಿ ಮುಗಿಸುವವನಿಗೆ ಗೇಟು ಒಂದು ವಾರ ಮುಚ್ಚಿದರೂ ಒಲೆ ಆರುತ್ತದೆ. ಗುತ್ತಿಗೆ ಕಾರ್ಮಿಕನಿಗಂತೂ ನೋಟೀಸು ಕೂಡ ಇಲ್ಲ. ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ಈ ಪ್ರಶ್ನೆಗೆ ಉತ್ತರ ಕೊಡದೆ ಕೆರೆ ಉಳಿಸುತ್ತೇವೆಂದು ಹೊರಡುವವರು ಜನರನ್ನು ವಂಚಿಸುತ್ತಾರೆ, ಇಲ್ಲವೆ ತಮ್ಮನ್ನೇ ವಂಚಿಸಿಕೊಳ್ಳುತ್ತಾರೆ.

ಆದರೆ ಪ್ರಶ್ನೆಯನ್ನು ಹೀಗೆ ಕಟ್ಟಿಕೊಟ್ಟವರು ಯಾರು ಎಂಬುದನ್ನೂ ಕೇಳಬೇಕು. ಕೂಲಿ ಬೇಕೋ ಕೆರೆ ಬೇಕೋ, ಎರಡರಲ್ಲೊಂದನ್ನು ಆರಿಸಿಕೊ ಎಂದು ಮೊದಲು ಹೇಳಿದವನು ಕಾರ್ಮಿಕನಲ್ಲ, ರೈತನೂ ಅಲ್ಲ. ಕೂಲಿಯಲ್ಲೂ ಉಳಿಸಿ, ಚರಂಡಿಯಲ್ಲೂ ಉಳಿಸುವವನು ಕಟ್ಟಿದ ಪ್ರಶ್ನೆ ಅದು.

ನಾವು ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಶುದ್ಧ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಒಂದು ದಿನ ಕರಿಹಲಗೆಯ ಮೇಲೆ ಬರೆದಾಗ ತರಗತಿಯ ಮಕ್ಕಳು ನಕ್ಕರು. ಶಾಲೆಯ ಹಿಂದಿನ ಕಾಲುವೆಯ ನೀರಿಗೆ ಮೂರೂ ಇದ್ದವು. ಗಾಳಿ ಆ ಕಡೆಯಿಂದ ಬೀಸಿದಾಗ ಕಿಟಕಿ ಮುಚ್ಚಿ ಪಾಠ ಮಾಡುತ್ತಿದ್ದೆವು. ಪುಸ್ತಕದ ನೀರು ಬೇರೆ, ಊರಿನ ನೀರು ಬೇರೆ ಎಂಬುದನ್ನು ಮಕ್ಕಳು ನಮಗಿಂತ ಮೊದಲೇ ಕಲಿತಿದ್ದರು. ಆ ನಗು ನಮ್ಮನ್ನು ಬಹುಕಾಲ ಕಾಡಿತು.

ಆನೇಕಲ್ ತಾಲ್ಲೂಕು ಕೆರೆಗಳ ಸೀಮೆ. ಮಳೆಯ ನೀರು ಒಂದು ಕೆರೆಯಲ್ಲಿ ತುಂಬಿ ಕೋಡಿ ಬಿದ್ದರೆ ರಾಜಕಾಲುವೆ ಹಿಡಿದು ಮುಂದಿನ ಕೆರೆಗೆ ಇಳಿಯುವಂತೆ ನಮ್ಮ ಹಿರಿಯರು ಕಟ್ಟಿದ್ದರು. ಕಮ್ಮಸಂದ್ರ, ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ ಎಲ್ಲವೂ ಹೀಗೆ ರಾಗಿ ಬತ್ತದ ಬಯಲುಗಳ ನಡುವೆ ಇದ್ದ ಕೆರೆಗಳೇ. ಹೊಸೂರು ರಸ್ತೆಯ ಇಕ್ಕೆಲದಲ್ಲಿ ಕೈಗಾರಿಕಾ ಪ್ರದೇಶಕ್ಕಾಗಿ ಭೂಮಿ ಹೋದ ಮೇಲೆ ರಾಗಿ ಹೋಯಿತು, ಕಾಲುವೆ ಮಾತ್ರ ಉಳಿಯಿತು. ಮಳೆ ನೀರಿಗೆಂದು ತೋಡಿದ ಆ ಕಾಲುವೆಗೆ ಈಗ ಮಳೆಯಿಲ್ಲದ ದಿನವೂ ಹರಿಯುವ ಕೆಲಸ. ಒಂದು ಕೆರೆ ಕೆಟ್ಟರೆ ಕೆಳಗಿನ ಕೆರೆಯೂ ಕೆಡುತ್ತದೆ, ಅದರ ಸುತ್ತಲಿನ ಬಾವಿ ಕೊಳವೆಬಾವಿಗಳೂ ಕೆಡುತ್ತವೆ.

ಚಂದಾಪುರ ಕೆರೆಯ ಸ್ಥಿತಿಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡು, 2022ರ ಅಕ್ಟೋಬರಿನಲ್ಲಿ ಕರ್ನಾಟಕ ಸರಕಾರ 500 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶ ಮಾಡಿತು. ಕೆರೆ ಕಾಯಬೇಕಾದ ಸರಕಾರ ಕಾಯಲಿಲ್ಲ, ಆದುದರಿಂದ ದಂಡ ತೆರಲಿ ಎಂಬುದು ನ್ಯಾಯವೇ. ಆದರೆ ಸರಕಾರದ ಬೊಕ್ಕಸ ಎಂದರೆ ಯಾರ ಬೊಕ್ಕಸ? ಬೆಂಕಿಪೊಟ್ಟಣದಿಂದ ಹಿಡಿದು ಬೈಸಿಕಲ್ಲಿನವರೆಗೆ ಪ್ರತಿಯೊಂದಕ್ಕೂ ತೆರಿಗೆ ಕೊಟ್ಟ ನಮ್ಮ ನಿಮ್ಮ ಬೊಕ್ಕಸ. ಹೊಲಸು ಬಿಟ್ಟವನ ಜೇಬಿಗೆ ಕೈ ಹಾಕದ ದಂಡ ಕೊನೆಗೆ ಹೊಲಸು ಕುಡಿದವನ ಮೇಲೆಯೇ ಬೀಳುತ್ತದೆ. ದೂರದ ನ್ಯಾಯಪೀಠ ಎಷ್ಟೇ ದೊಡ್ಡ ಆದೇಶ ಮಾಡಲಿ, ಊರಿನ ಜನ ಎದ್ದು ನಿಲ್ಲದೆ ಅದು ಕಾಲುವೆಯ ಬಾಯಿಗೆ ತಲಪುವುದಿಲ್ಲ.

ಇಲ್ಲಿ ಮಾಲೀಕರ ಕಡೆಯವರು ಒಂದು ಮಾತು ಹೇಳುತ್ತಾರೆ: ಕೆರೆಗೆ ಬರುವುದು ಬರೀ ಕಾರ್ಖಾನೆಯ ನೀರಲ್ಲ, ಜನರ ಮನೆಗಳ ಕೊಳಚೆಯೂ ಬರುತ್ತದೆ. ಈ ಮಾತು ನಿಜ. ಸುಳ್ಳು ಎಂದು ನಾವು ವಾದಿಸುವುದಿಲ್ಲ. ಆದರೆ ಆ ಮನೆಗಳಲ್ಲಿ ಇರುವವರು ಯಾರು? ಬಿಹಾರದಿಂದ, ಒಡಿಶಾದಿಂದ, ರಾಯಚೂರು ಕಲಬುರಗಿಗಳಿಂದ ಈ ಕಾರ್ಖಾನೆಗಳು ಕರೆಸಿಕೊಂಡ ಕೈಗಳೇ ಅಲ್ಲವೆ? ಯಂತ್ರಕ್ಕೆ ಶೆಡ್ಡು ಕಟ್ಟಿದರು, ಎಣ್ಣೆ ಹಾಕಿದರು. ಯಂತ್ರ ನಡೆಸುವವನು ಎಲ್ಲಿ ಮಲಗುತ್ತಾನೆ, ಎಲ್ಲಿ ಶೌಚಕ್ಕೆ ಹೋಗುತ್ತಾನೆ ಎಂದು ಯಾರೂ ಕೇಳಲಿಲ್ಲ. ಹತ್ತು ಜನಕ್ಕೊಂದು ಕಕ್ಕಸು ಇರುವ ವಠಾರದ ಕೊಳಚೆಯೂ ಆ ಉತ್ಪಾದನೆಯ ಒಂದು ಖರ್ಚೇ. ಆ ಖರ್ಚನ್ನು ಮಾಲೀಕ ತನ್ನ ಲೆಕ್ಕದಿಂದ ತೆಗೆದು ಕೆರೆಯ ಲೆಕ್ಕಕ್ಕೆ ಬರೆದಿದ್ದಾನೆ. 2025ರ ಆಗಸ್ಟ್ 10ರಂದು ಹಳದಿ ಮಾರ್ಗದ ಮೆಟ್ರೋ ರೈಲು ಬೊಮ್ಮಸಂದ್ರದವರೆಗೆ ಬಂತು. ಆಕಾಶದಲ್ಲಿ ರೈಲು ಓಡಿಸಬಲ್ಲ ಸರಕಾರಕ್ಕೆ ನೆಲದೊಳಗೆ ಮನೆಮನೆಗೂ ಕೊಳವೆ ಹಾಕುವುದು ಬಾರದ ವಿದ್ಯೆಯೇನಲ್ಲ.

ಇನ್ನು ಕಾರ್ಖಾನೆಯ ನೀರಿನ ಸಂಗತಿ. ಒಂದು ಉದಾಹರಣೆ ಸಾಕು. ಲೋಹಕ್ಕೆ ಕ್ರೋಮಿಯಂ ಲೇಪನ ಮಾಡುವ ಕಡೆ ತೊಳೆದ ನೀರು ಹಳದಿಯಾಗಿ ಬರುತ್ತದೆ. ಅದರಲ್ಲಿರುವ ಷಡ್ವೇಲೆನ್ಸಿಯ ಕ್ರೋಮಿಯಂ ವಿಷ, ಕ್ಯಾನ್ಸರ್ ತರುವಂಥದು. ಆಮ್ಲದ ಜೊತೆಗೆ ಅಪಕರ್ಷಕ ರಾಸಾಯನಿಕವನ್ನೂ ಹಾಕಿ ಅದನ್ನು ಕಡಿಮೆ ಅಪಾಯದ ರೂಪಕ್ಕೆ ತಿರುಗಿಸಿ, ಸುಣ್ಣ ಹಾಕಿ ಗಸಿಯಾಗಿ ಕೆಳಗಿಳಿಸಿ, ಆ ಗಸಿಯನ್ನು ದಾಬಸ್‌ಪೇಟೆಯಲ್ಲಿರುವ ಅಪಾಯಕಾರಿ ತ್ಯಾಜ್ಯದ ನೆಲೆಗೆ ಸಾಗಿಸಬೇಕು. ಮೇಲಿನ ತಿಳಿನೀರನ್ನು ಮಾತ್ರ ಹೊರಗೆ ಬಿಡಬಹುದು. ಅದರಲ್ಲೂ ಒಂದು ಲೀಟರಿಗೆ 0.1 ಮಿಲಿಗ್ರಾಮಿಗಿಂತ ಹೆಚ್ಚು ಷಡ್ವೇಲೆನ್ಸಿಯ ಕ್ರೋಮಿಯಂ ಇರಕೂಡದೆಂದು ಕೇಂದ್ರ ಸರಕಾರದ 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿದೆ. ಇದರಲ್ಲಿ ಮಾಡಲಾಗದ್ದು ಏನೂ ಇಲ್ಲ. ಆದರೆ ಆಮ್ಲಕ್ಕೆ ದುಡ್ಡು, ಸುಣ್ಣಕ್ಕೆ ದುಡ್ಡು, ಪಂಪಿನ ವಿದ್ಯುತ್ತಿಗೆ ದುಡ್ಡು, ಲಾರಿಗೆ ದುಡ್ಡು. ರಾತ್ರಿಯ ಕತ್ತಲಿಗೆ ಮಾತ್ರ ದುಡ್ಡು ಕೊಡಬೇಕಾಗಿಲ್ಲ. ಲೋಭಿಯಾದ ಮಾಲೀಕ ಏನು ಮಾಡುತ್ತಾನೆಂಬುದಕ್ಕೆ ದೊಡ್ಡ ಶಾಸ್ತ್ರ ಬೇಕಿಲ್ಲ. ಖರ್ಚು ಹಾಕಿ ನೀರನ್ನು ಶುದ್ಧ ಮಾಡುವ ಪ್ರಾಮಾಣಿಕ ಮಾಲೀಕರೂ ಇದ್ದಾರೆ. ಕಳ್ಳನಿಗೆ ಶಿಕ್ಷೆಯಾಗದ ಕಡೆ ಅವರೇ ದಂಡ ತೆತ್ತಂತಾಗುತ್ತದೆ.

ಈ ವಿಷ ಮೊದಲು ಮುಟ್ಟುವುದು ಯಾರನ್ನು? ಕೆರೆಯ ಮೀನನ್ನಲ್ಲ. ತೊಟ್ಟಿಯ ಪಕ್ಕದಲ್ಲಿ ಕೈಗವಸಿಲ್ಲದೆ ನಿಂತ ಕಾರ್ಮಿಕನನ್ನು. ಹಗಲು ಅದರ ಹಬೆ ಕುಡಿದವನೇ ರಾತ್ರಿ ಅದರ ನೀರು ಇಂಗಿದ ನೆಲದ ಕೊಳವೆಬಾವಿಯಿಂದ ಕೊಡ ತುಂಬುತ್ತಾನೆ. ಲಾಭ ಪಡೆದವರು ಆ ನೀರು ಕುಡಿಯುವುದಿಲ್ಲ. ಅವರ ಮನೆ ಇಲ್ಲಿಲ್ಲ. ಕೆರೆಯ ಜಗಳ ರೈತನಿಗೂ ಕಾರ್ಮಿಕನಿಗೂ ನಡುವಿನದು ಎಂದು ಹೇಳುವವರು ಈ ಒಂದು ಸಂಗತಿಯನ್ನು ಮರೆಮಾಚುತ್ತಾರೆ.

ಇಂಥ ಮರೆಮಾಚುವಿಕೆಯ ಫಲ ಏನೆಂಬುದನ್ನು ಜಪಾನಿನ ಮಿನಮಾತ ಎಂಬ ಊರು ನೋಡಿದೆ. ಅದೂ ಕಂಪನಿಯನ್ನೇ ನಂಬಿದ್ದ ಊರು. ಚಿಸ್ಸೋ ಎಂಬ ರಸಾಯನ ಕಾರ್ಖಾನೆ ಪಾದರಸ ಬೆರೆತ ನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. ಆ ಪಾದರಸ ಮೀನಿನಲ್ಲಿ ಸೇರಿತು, ಮೀನು ತಿಂದವರ ಮಿದುಳಿಗೆ ಸೇರಿತು. ಕೈಕಾಲು ನಡುಗುವ, ಕಣ್ಣು ಮಂಜಾಗುವ ಆ ರೋಗ 1956ರಲ್ಲಿ ಅಧಿಕೃತವಾಗಿ ದಾಖಲಾಯಿತು. 1959ರಲ್ಲಿ ಬೆಸ್ತರು ನೀರು ನಿಲ್ಲಿಸಿರೆಂದು ಕಾರ್ಖಾನೆಗೆ ನುಗ್ಗಿದರು. ಆಗ ಪ್ರಾಂತದ ಗವರ್ನರನ ಬಳಿಗೆ ಒಂದು ನಿಯೋಗ ಹೋಯಿತು. ನೀರು ನಿಲ್ಲಿಸಬೇಡಿ, ನಿಲ್ಲಿಸಿದರೆ ಊರು ಹಾಳಾಗುತ್ತದೆ ಎಂದು ಕೇಳಿಕೊಳ್ಳಲು! ಆ ನಿಯೋಗದಲ್ಲಿ ಯಾರಿದ್ದರು? ನಗರದ ಮೇಯರ್ ಇದ್ದರು, ವರ್ತಕರ ಸಂಘದವರಿದ್ದರು, ಕಾರ್ಮಿಕ ಸಂಘದವರೂ ಇದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಕಂಪನಿ ಒಂದು ಶುದ್ಧೀಕರಣ ಯಂತ್ರ ಕೂಡಿಸಿ ಸಮಾರಂಭ ಮಾಡಿತು. ಪಾದರಸ ತೆಗೆಯುವುದಕ್ಕಾಗಿ ಮಾಡಿದ ಯಂತ್ರವೇ ಅದಾಗಿರಲಿಲ್ಲ. ವಿಷ 1968ರವರೆಗೆ ಹರಿಯಿತು.

ನಡುವೆ ಒಂದು ಸಂಗತಿ ನಡೆಯಿತು. 1962ರಲ್ಲಿ ಸಂಬಳದ ವಿಚಾರಕ್ಕೆ ದೀರ್ಘ ಮುಷ್ಕರವಾಯಿತು. ಕಂಪನಿ ತನಗೆ ಒಗ್ಗುವ ಎರಡನೆಯ ಸಂಘವೊಂದನ್ನು ನಿಲ್ಲಿಸಿ ಕಾರ್ಮಿಕರನ್ನು ಒಡೆಯಿತು. ತಮಗೇ ಪೆಟ್ಟು ಬಿದ್ದಾಗ ಮೊದಲ ಸಂಘದವರಿಗೆ ಬೆಸ್ತರ ನೋವು ಅರ್ಥವಾಗತೊಡಗಿತು. 1968ರ ಆಗಸ್ಟಿನಲ್ಲಿ ಆ ಸಂಘ ಒಂದು ಠರಾವು ಮಾಡಿತು: ನಮ್ಮ ಕಾರ್ಖಾನೆಯಿಂದಲೇ ಬಂದ ಈ ರೋಗದ ವಿರುದ್ಧ ನಾವು ಇಷ್ಟು ವರ್ಷ ಹೋರಾಡಲಿಲ್ಲ, ಇದು ಕಾರ್ಮಿಕರಾದ ನಮಗೆ ನಾಚಿಕೆಗೇಡು ಎಂಬುದು ಅದರ ತಿರುಳು. ನಾಚಿಕೆಯ ಘೋಷಣೆ ಎಂದೇ ಅದು ಹೆಸರಾಗಿದೆ. 1973ರಲ್ಲಿ ನ್ಯಾಯಾಲಯ ಕಂಪನಿಯನ್ನು ತಪ್ಪಿತಸ್ಥನೆಂದು ತೀರ್ಪಿತ್ತಿತು. ಹನ್ನೆರಡು ವರ್ಷದ ತಡಕ್ಕೆ ಎಷ್ಟು ಮಕ್ಕಳು ತಾಯಿಯ ಹೊಟ್ಟೆಯಲ್ಲೇ ಊನವಾದರು! ನಮ್ಮ ಸಂಘಗಳು ಇಂಥ ಠರಾವು ಮಾಡುವ ದಿನ ಬರಬಾರದು. ನಾಚಿಕೆಪಡುವ ಮೊದಲೇ ಮಾತಾಡಬೇಕು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ನೆರೆಯ ಕೇರಳದ ಮಾವೂರಿನಲ್ಲಿ ಬಿರ್ಲಾ ಗುಂಪಿನ ಗ್ವಾಲಿಯರ್ ರೇಯಾನ್ಸ್ ಕಾರ್ಖಾನೆ 1960ರ ದಶಕದಿಂದ ಚಾಲಿಯಾರ್ ನದಿಗೆ ಹೊಲಸು ಬಿಟ್ಟಿತು. ವಾಳಕ್ಕಾಡ್ ಪಂಚಾಯತಿಯ ಕೆ. ಎ. ರಹಮಾನ್ ಜನರನ್ನು ಕಟ್ಟಿ ವರ್ಷಗಟ್ಟಲೆ ಹೋರಾಡಿದರು. 1999ರ ಜನವರಿಯಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ಇತ್ತ 1985ರಿಂದ 1988ರವರೆಗೆ ಕೂಲಿಯ ವಿವಾದದಲ್ಲಿ ಅದೇ ಕಾರ್ಖಾನೆ ಮುಚ್ಚಿದಾಗ ಹಸಿವು ತಾಳಲಾರದೆ ಹಲವು ಕಾರ್ಮಿಕರು ಆತ್ಮಹತ್ಯೆ ಮಾಡಿಕೊಂಡರು. ನದಿಯವರು ಒಂದು ಕಡೆ, ಕೂಲಿಯವರು ಇನ್ನೊಂದು ಕಡೆ ನಿಲ್ಲುವಂತಾಯಿತು. ಕೊನೆಗೆ 2001ರ ಹೊತ್ತಿಗೆ ಕಂಪನಿ ಶಾಶ್ವತವಾಗಿ ಬಾಗಿಲು ಹಾಕಿತು. ನದಿಗಾಗಿ ಹೋರಾಡಿದವರೂ ನೊಂದರು, ಕೂಲಿಗಾಗಿ ಹೋರಾಡಿದವರೂ ನೊಂದರು. ಬಂಡವಾಳಕ್ಕೆ ಮಾತ್ರ ಊರಿಲ್ಲ. ಅದು ಇನ್ನೊಂದು ನದಿ ನೋಡಿಕೊಂಡಿತು.

ಅದೇ ಗುಂಪಿನ ಕಾರ್ಖಾನೆ ನಮ್ಮಲ್ಲೂ ಇದೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. 1980ರ ದಶಕದಲ್ಲಿ ತುಂಗಭದ್ರೆಯ ಮೀನು ರಾಶಿರಾಶಿ ಸತ್ತು ತೇಲಿದಾಗ ಕೆಳದಂಡೆಯ ನಲವಾಗಲು, ಐರಣಿ ಮೊದಲಾದ ಹಳ್ಳಿಗಳ ಜನ ದನಿಯೆತ್ತಿದರು. 1984ರಲ್ಲಿ ಧಾರವಾಡದಲ್ಲಿ ಎಸ್. ಆರ್. ಹಿರೇಮಠ ಮತ್ತು ಗೆಳೆಯರು ಕಟ್ಟಿದ ಸಮಾಜ ಪರಿವರ್ತನ ಸಮುದಾಯ ಅವರ ಜೊತೆಗೆ ನಿಂತಿತು. ಮುಂದೆ ಅದೇ ಕಾರ್ಖಾನೆಗೆ ನೀಲಗಿರಿ ಬೆಳೆಯಲೆಂದು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ ಕೊಡಲು ಸರಕಾರ ಹೊರಟಾಗ ಶಿವರಾಮ ಕಾರಂತರೂ ಇತರರೂ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ರೈತರು ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಆ ಪಲ್ಪ್‌ವುಡ್ ಕಂಪನಿಯನ್ನು ಸರಕಾರ ಮುಚ್ಚಬೇಕಾಯಿತು. ಕಾರ್ಖಾನೆ ಮುಚ್ಚಲಿಲ್ಲ ಎಂಬುದನ್ನು ಗಮನಿಸಬೇಕು. ಜನರ ಹೋರಾಟ ಎಂದರೆ ಗೇಟಿಗೆ ಬೀಗ ಎಂದು ಹೆದರಿಸುವವರಿಗೆ ಇದೇ ಉತ್ತರ.

ಹಾಗೆಂದು ಗೇಟು ಎಂದೂ ಮುಚ್ಚುವುದಿಲ್ಲವೆಂದು ನಾವು ಹುಸಿ ಭರವಸೆ ಕೊಡುವುದಿಲ್ಲ. ಕೆಲವು ಕಡೆ ಮುಚ್ಚಲೇಬೇಕಾಗಬಹುದು. ಆಗ ಕೂಲಿ? 1996ರ ಜುಲೈಯಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯ 168 ಅಪಾಯಕಾರಿ ಕಾರ್ಖಾನೆಗಳು ಅಲ್ಲಿಂದ ಹೋಗಬೇಕೆಂದು ಆಜ್ಞೆ ಮಾಡಿದಾಗ ಕಾರ್ಮಿಕರ ಹಕ್ಕನ್ನೂ ಬರೆಯಿತು. ಸ್ಥಳಾಂತರವಾಗುವ ಅವಧಿಗೂ ಕೆಲಸ ಮುಂದುವರಿದಂತೆಯೇ ಭಾವಿಸಿ ಸಂಬಳ ಕೊಡಬೇಕು, ಹೊಸ ಊರಿಗೆ ಹೋಗುವವರಿಗೆ ಒಂದು ವರ್ಷದ ಸಂಬಳ ಕೊಡಬೇಕು ಎಂದಿತು. ಮುಚ್ಚಿಯೇ ಹೋಗುವ ಕಡೆಯ ಕಾರ್ಮಿಕರಿಗೆ ಕೊಡಬೇಕಾದ ಪರಿಹಾರವನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಆರು ವರ್ಷದ ಸಂಬಳಕ್ಕೆ ಏರಿಸಿತು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಎಷ್ಟೋ ಜನಕ್ಕೆ ಅದು ಕೈಸೇರಲಿಲ್ಲ. ಇಲ್ಲಿಂದ ನಾವು ಕಲಿಯಬೇಕಾದದ್ದು ಎರಡು. ಮಾಲೀಕನ ತಪ್ಪಿಗೆ ಕೆಲಸ ನಿಂತರೆ ಕೂಲಿ ಮಾಲೀಕನೇ ಕೊಡಬೇಕೆಂಬ ತತ್ತ್ವವನ್ನು ಈ ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಿದೆ. ಮತ್ತು ಹೆಸರು ಪುಸ್ತಕದಲ್ಲಿರದವನಿಗೆ ಆ ತತ್ತ್ವದಿಂದ ಅನ್ನವಿಲ್ಲ. ಆದುದರಿಂದ ಕೆರೆಯ ಹೋರಾಟ ಗುತ್ತಿಗೆ ಕಾರ್ಮಿಕನ ಹೆಸರು ದಾಖಲಿಸುವ ಹೋರಾಟದಿಂದಲೇ ಶುರುವಾಗಬೇಕು.

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಅಳತೆಯದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದರಲ್ಲ, ಆ ಜಗಳ ಹೊತ್ತಿಕೊಂಡದ್ದು ಬತ್ತ ಅಳೆಯುವ ಕೊಳಗದಿಂದ. ಒಡೆಯರ ಕೊಳಗ ದೊಡ್ಡದಾಗಿತ್ತು. ಗೇಣಿ ಎಷ್ಟು ಎಂಬುದು ಮಾತಿನಲ್ಲಿ ಎಷ್ಟೇ ಇರಲಿ, ಕೊಳಗ ಯಾರ ಕೈಯಲ್ಲಿದೆಯೋ ಅವರಿಗೇ ಬತ್ತ. ನೀರಿನ ಸಂಗತಿಯೂ ಹಾಗೆಯೇ. 1974ರ ಜಲ ಕಾಯಿದೆ ಇದೆ, ಅದೇ ವರ್ಷ ಹುಟ್ಟಿದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಇದೆ, ಅಂಕಿ ಅಂಶಗಳಿವೆ. ಆದರೆ ಮಾದರಿ ತೆಗೆಯುವ ಹೊತ್ತು, ತೆಗೆಯುವ ಜಾಗ, ಬರೆಯುವ ಪುಸ್ತಕ ಜನರ ಕಣ್ಣಿಗೆ ಬೀಳದಿದ್ದರೆ ಕೊಳಗ ಒಡೆಯನ ಕೈಯಲ್ಲೇ ಇದ್ದಂತೆ.

ಹೆಬ್ಬಗೋಡಿ ಕೆರೆಗೆ ಬಯೋಕಾನ್ ಪ್ರತಿಷ್ಠಾನ ಹಣ ಹಾಕಿ ಸುಧಾರಣೆ ಮಾಡಿಸಿತು. ಒಳ್ಳೆಯದೇ, ನಾವು ಅದನ್ನು ಹೀಯಾಳಿಸುವುದಿಲ್ಲ. ಆದರೆ ದಾನ ಬೇರೆ, ಹಕ್ಕು ಬೇರೆ. ಒಬ್ಬರು ಮನಸ್ಸು ಮಾಡಿದರೆ ಶುದ್ಧವಾಗುವ, ಮನಸ್ಸು ಮಾಡದಿದ್ದರೆ ಕೊಳೆಯುವ ಕೆರೆ ಊರಿನ ಕೆರೆಯಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಪ್ರತಿ ಕಾರ್ಖಾನೆಯೂ ದಿನಕ್ಕೆ ಎಷ್ಟು ನೀರು ಬಳಸಿತು, ಎಷ್ಟು ಶುದ್ಧ ಮಾಡಿತು, ಎಷ್ಟು ಗಸಿ ಸಾಗಿಸಿತು ಎಂಬುದನ್ನು ಗೇಟಿನ ಮುಂದೆ ಕನ್ನಡದಲ್ಲಿ ಹಲಗೆ ಹಾಕಿ ಬರೆಯಬೇಕು. ಮಂಡಳಿಯವರು ಮಾದರಿ ತೆಗೆಯುವಾಗ ಕಾರ್ಮಿಕ ಪ್ರತಿನಿಧಿಯೊಬ್ಬರು, ಊರಿನವರೊಬ್ಬರು ಜೊತೆಗಿರಬೇಕು. ರಾತ್ರಿ ಕೊಳವೆ ತೆರೆದದ್ದನ್ನು ಹೇಳಿದ ಕಾರ್ಮಿಕನನ್ನು ಕೆಲಸದಿಂದ ತೆಗೆಯಕೂಡದು. ಮಾಲಿನ್ಯದ ಕಾರಣ ಕೆಲಸ ನಿಂತ ದಿನಗಳಿಗೆ ಗುತ್ತಿಗೆಯವರೂ ಸೇರಿ ಎಲ್ಲರಿಗೂ ಪೂರ್ತಿ ಕೂಲಿ ಸಿಗಬೇಕು. ದಂಡ ಹೊಲಸು ಬಿಟ್ಟವನಿಂದ ವಸೂಲಾಗಬೇಕು. ವಠಾರಗಳಿಗೆ ಒಳಚರಂಡಿ ಬೇಕು.

ಸರಕಾರ ಕೊಡುವವರೆಗೆ ಕೈಕಟ್ಟಿ ಕೂಡಬೇಕಾಗಿಲ್ಲ. ಕಾರ್ಖಾನೆಗೆ ಮಂಡಳಿ ಕೊಟ್ಟ ಸಮ್ಮತಿ ಪತ್ರದಲ್ಲಿ ಎಷ್ಟು ನೀರು, ಎಂಥ ನೀರು ಬಿಡಬಹುದೆಂದು ಷರತ್ತು ಬರೆದಿರುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅದರ ಪ್ರತಿ ಕೇಳಬಹುದು. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡಲು ನಾವಿದ್ದೇವೆ. ಆಮ್ಲ ಇದೆಯೋ ಕ್ಷಾರ ಇದೆಯೋ ಎಂದು ತೋರಿಸುವ ಕಾಗದದ ಪಟ್ಟಿ ಶಾಲೆಯ ಪ್ರಯೋಗಶಾಲೆಯಲ್ಲಿ ಇರುವಂಥದೇ. ಕೊಳ್ಳಲು ದೊಡ್ಡ ಹಣ ಬೇಡ. ಹೊರಬಿಡುವ ನೀರಿನ ಪಿಎಚ್ 5.5ಕ್ಕೂ 9ಕ್ಕೂ ನಡುವೆ ಇರಬೇಕೆಂಬುದು ನಿಯಮ. ಪ್ರತಿ ಬೀದಿಯಲ್ಲಿ ಇಬ್ಬರು ಒಂದು ನೋಟ್ ಪುಸ್ತಕ ಇಟ್ಟು ತಾರೀಖು, ಹೊತ್ತು, ಬಣ್ಣ, ವಾಸನೆ, ಪಟ್ಟಿಯ ಗುರುತು ಬರೆಯುತ್ತ ಹೋಗಲಿ. ಒಂದು ದಿನದ ಕೂಗಿಗೆ ಅಧಿಕಾರಿ ಹೆದರುವುದಿಲ್ಲ. ಆರು ತಿಂಗಳ ಪುಸ್ತಕಕ್ಕೆ ಉತ್ತರ ಹೇಳಬೇಕಾಗುತ್ತದೆ. ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈಯಲ್ಲಿದೆ. ಅಲ್ಲಿಗೆ ಹೋದರೂ ಕೇಳುವುದು ಈ ಪುಸ್ತಕವನ್ನೇ.

ಅಂಗಡಿಯ ಬಂಧುಗಳಿಗೂ ಒಂದು ಮಾತು. ಮಿನಮಾತದ ವರ್ತಕರು ಕಂಪನಿಯ ಪರವಾಗಿ ನಿಯೋಗ ಹೋದರು; ಆಮೇಲೆ ಅವರ ಊರಿನ ಹೆಸರೇ ಒಂದು ರೋಗದ ಹೆಸರಾಯಿತು. ನಿಮ್ಮ ವ್ಯಾಪಾರ ನಿಂತಿರುವುದು ಕಂಪನಿಯ ಲಾಭದ ಮೇಲಲ್ಲ, ಕಾರ್ಮಿಕನ ಕೂಲಿಯ ಮೇಲೆ. ಆ ಕೂಲಿಯಲ್ಲಿ ಟ್ಯಾಂಕರ್ ನೀರಿಗೂ ಆಸ್ಪತ್ರೆಗೂ ಹೋಗುವ ಪ್ರತಿ ರೂಪಾಯಿಯೂ ನಿಮ್ಮ ಗಲ್ಲಾ ಪೆಟ್ಟಿಗೆಗೆ ಬರಬೇಕಾಗಿದ್ದ ರೂಪಾಯಿ. ಬೀದಿಯ ನೋಟ್ ಪುಸ್ತಕ ಇಡಲು ನಿಮ್ಮ ಅಂಗಡಿಗಿಂತ ಒಳ್ಳೆಯ ಜಾಗವಿಲ್ಲ. ಉದ್ರಿ ಪುಸ್ತಕದ ಪಕ್ಕದಲ್ಲೇ ಅದೂ ಇರಲಿ. ಅದೂ ಒಂದು ಬಾಕಿಯ ಲೆಕ್ಕವೇ.

ಕಂಪನಿ ಮುಚ್ಚಿದರೆ ನಮ್ಮ ಗತಿ ಏನು ಎಂದು ಕೇಳಿದ ಗೆಳೆಯರಿಗೆ ನಮ್ಮ ಉತ್ತರ ಇಷ್ಟೇ. ಮುಚ್ಚಿರೆಂದು ನಾವು ಕೇಳುತ್ತಿಲ್ಲ, ತೊಳೆಯಿರಿ ಎಂದು ಕೇಳುತ್ತಿದ್ದೇವೆ. ತೊಳೆಯಲಾರೆ ಎಂದು ಮಾಲೀಕ ಬಾಗಿಲು ಹಾಕಿದರೆ ಆ ದಿನದ ಕೂಲಿ ಅವನ ಮೇಲಿರಲಿ, ಕೆರೆಯ ಮೇಲೆ ಬೇಡ. ಇದನ್ನು ಒಬ್ಬನೇ ಹೇಳಿದರೆ ನಾಳೆ ಅವನಿಗೆ ಗೇಟಿನಲ್ಲಿ ತಡೆ. ಪಾಳಿಯೆಲ್ಲ ಒಟ್ಟಾಗಿ, ಬೀದಿಯೆಲ್ಲ ಜೊತೆಗೂಡಿ ಹೇಳಿದರೆ ತಡೆಯುವ ಗೇಟು ಯಾವುದಿದೆ?